ಹಿಂದಕ್ಕೆ ಹಿಡಿಯದು

ನಮ್ಮ ಬ್ಲೈನೈ ಊರಿನಲ್ಲಿ ಎಲ್ಲವೂ ಸ್ಲೇಟುಕಲ್ಲು:
ಮಾಡು, ಬೇಲಿ, ಗೋರಿ, ನನ್ನ ವರ್ಕ್‌ಶಾಪಿನ ಹೊಸ್ತಿಲು.
ಆ ಹೊಸ್ತಿಲಿಗೆ ಒಂದು ಚಕ್ರ ತಂದು ಒರಗಿಸಿದ
ಇದ್ವಲ್ ಪ್ರಿಚರ್ಡ್. ಬರೀ ಮುಂದಿನದು.
"ಹೆಲೆದ್, ಇದು ನಿಲ್ಲಿಸುವುದಿಲ್ಲಮ್ಮ.
ನಿಲ್ಲಿಸಲೋ ಬೇಡವೋ ಅಂತ ಯೋಚಿಸುತ್ತೆ."

ಅರವತ್ತೊಂಬತ್ತರ ಗಾಡಿ. ಗಣಿಯ ಮೊದಲ ಸಂಬಳ
ಕಂತುಕಂತಾಗಿ ಅದಕ್ಕೇ ಹೋಗಿತ್ತಂತೆ.

ಶೂಗಳ ಮೈಗೆ ಸೀಮೆಸುಣ್ಣ ಬಳಿದು
ಒಮ್ಮೆ ತಿರುಗಿಸಿ ಬಿಚ್ಚಿ ನೋಡಿದೆ:
ಅಳಿಸಿದ್ದು ಎರಡು ತುದಿಯಲ್ಲಿ, ಉಗುರಗಲ.
ಇಷ್ಟು ವರ್ಷವೂ ಈ ಬ್ರೇಕು
ಉಗುರಿನಲ್ಲೇ ಹಿಡಿದು ನಿಲ್ಲಿಸಿದೆ
ಅಷ್ಟು ಭಾರದ ಕಬ್ಬಿಣವನ್ನ, ಅದರ ಮೇಲೊಬ್ಬ ಇದ್ವಲ್‌ನನ್ನ.

ಮೊದಲು ಕಡ್ಡಿ ಬಿಗಿ, ಆಮೇಲೆ ಡ್ರಮ್ಮು ಹೆರೆ;
ಕಡ್ಡಿಗಳ ಜಗ್ಗಾಟಕ್ಕೆ ದುಂಡು ಕೆಡುತ್ತದೆ.
ಇದು ಅಪ್ಪ ಕಲಿಸಿದ ಕ್ರಮ.
ಅಪ್ಪನಿಂದ ನಾನು ಕಲಿಯದೆ ಬಿಟ್ಟದ್ದು ಒಂದೇ,
ಬಾಯಲ್ಲಿ ಊದುವುದು.
ಡ್ರಮ್ಮನ್ನು ಮುಖದ ಹತ್ತಿರ ತಂದು
ಬಿಸಿ ಹಾಲಿನ ಕೆನೆ ಸರಿಸುವವನಂತೆ
ಉಫ್ ಎಂದು ಊದಿ, ಕಣ್ಣು ಕಿರಿದು ಮಾಡಿ
ಆ ಬೂದಿ ಮೋಡದೊಳಗಿಂದ ನನ್ನ ನೋಡಿ ನಗುತ್ತಿದ್ದ.

ಕಲ್ನಾರು.
ಕಲ್ಲಿನಷ್ಟು ಹಟ, ನಾರಿನಷ್ಟು ಸಣ್ಣ.
ತಾತನ ಎದೆಗೆ ಇಳಿದದ್ದು ಗಣಿಯ ಧೂಳು,
ಅಪ್ಪನ ಎದೆಗೆ ಇದು.
ಕೊನೆಯ ಚಳಿಗಾಲ ಮೂರು ಮೆಟ್ಟಿಲು ಹತ್ತಿ
ನಾಲ್ಕನೆಯದರಲ್ಲಿ ನಿಲ್ಲುತ್ತಿದ್ದ,
ಯಾರೋ ಹಿಂದಿನಿಂದ ಕರೆದವರಂತೆ.

ಇದ್ವಲ್ ಕೋಟಿನ ಒಳಜೇಬಿನಿಂದ
ಚಹಾದ ತಗಡಿನ ಡಬ್ಬಿ ತೆಗೆದ.
"ಹಳೆಯ ಲೈನಿಂಗು. ಎಂಬತ್ತೊಂದರಲ್ಲಿ ನಿಮ್ಮಪ್ಪನೇ ಕೊಟ್ಟದ್ದು.
ಈಗಿನವು ಸವರುತ್ತವೆ. ಇದು ಕಚ್ಚುತ್ತೆ."

ನಿಜ. ಕಚ್ಚುತ್ತೆ.

ಮುಚ್ಚಳ ತೆಗೆಯಲಿಲ್ಲ ನಾನು.
ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲದೊಳಗೆ ಚೀಲ ಹಾಕಿ ಕಟ್ಟಿ,
ಕೆಂಪಕ್ಷರದಲ್ಲಿ ಬರೆದು ಮೇಲಿನ ಕಪಾಟಿಗಿಟ್ಟೆ.
ಅವನು ತನ್ನ ಟೋಪಿಯ ಒಳಗನ್ನು
ಬಹಳ ಹೊತ್ತು ನೋಡುತ್ತ ನಿಂತ.

ಮೆತ್ತನೆಯ ಹೊಸ ಲೈನಿಂಗು ಅಂಟಿಸಿ
ಡ್ರಮ್ಮಿನ ದುಂಡಿಗೆ ದುಂಡು ಕೂಡಿಸಿದೆ.
ಕೇಬಲ್ಲಿಗೆ ದಪ್ಪ ಹೊರಕವಚ, ಒತ್ತಿದರೆ ಕುಗ್ಗದ್ದು.
ಲಿವರ್ ಹಿಡಿದಾಗ ತೋಳು ಮೂಲೆಮಟ್ಟಕ್ಕೆ ಬರಬೇಕು.
ಎರಡು ಶೂಗಳೂ ಒಂದೇ ಗಳಿಗೆಗೆ ಮುಟ್ಟಲೆಂದು
ನಡುವಿನ ಸರಳು ತಿರುಗಿಸಿದೆ, ಅರೆಪಾಲು ಸುತ್ತು,
ಇನ್ನೊಂದಿಷ್ಟು, ಹೆಚ್ಚಾಯಿತು, ಹಿಂದೆ.

ಡೊಲ್ವಿಥೆಲನ್ ಕಡೆಯ ಘಾಟಿಯಲ್ಲಿ ಪರೀಕ್ಷೆ.
ಇಳಿಜಾರಿನ ತಿರುವಿನಲ್ಲಿ ಕುರಿಯೊಂದು ರಸ್ತೆಗೆ ಬಂತು.
ಎರಡೇ ಬೆರಳು. ಮುಂದಿನ ಫೋರ್ಕು ಮಂಡಿಯೂರಿತು,
ಟೈರು ಚೀಂ ಅಂದಿತು,
ಕುರಿ ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ.

ಮರಳುವಾಗ ಏರಿನ ನಡುವೆ ಎಂಜಿನ್ನು ಸತ್ತಿತು.
ಗಾಡಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.
ಅದೇ ಲಿವರು, ಈಗ ನಾಲ್ಕೂ ಬೆರಳು,
ಕೈ ನಡುಗುವಷ್ಟು ಒತ್ತಿದೆ. ಜಾರುತ್ತಲೇ ಇತ್ತು.
ಗೊತ್ತಿತ್ತು ನನಗೆ. ಮುಂದೆ ಓಡುವಾಗ
ಚಕ್ರವೇ ಶೂಗಳನ್ನು ಎದೆಗೆಳೆದುಕೊಳ್ಳುತ್ತದೆ,
ಓಟವೇ ಓಟಕ್ಕೆ ಕೋಳ ತೊಡಿಸಿದಂತೆ;
ಹಿಂದೆ ಉರುಳಿದರೆ ಅದೇ ಚಕ್ರ ಅವನ್ನು ದೂರ ತಳ್ಳುತ್ತದೆ.
ಕೆಟ್ಟಿರುವುದಲ್ಲ. ಕಟ್ಟಿರುವುದೇ ಹಾಗೆ.

ಎಡಗಾಲು ಹಿಂದಿನ ಬ್ರೇಕಿಗೆ, ಬಲಗಾಲು ನೆಲಕ್ಕೆ.
ಬಿಸಿಯಾದ ಡ್ರಮ್ಮಿನಿಂದ ಸೀದ ರೊಟ್ಟಿಯ ಅಂಚಿನ ವಾಸನೆ.
ಅಭ್ಯಾಸಬಲ, ಉಸಿರು ಬಿಗಿಹಿಡಿದಿದ್ದೆ.
ಬಿಟ್ಟೆ.

"ಹೇಗಿದೆ?" ಎಂದ ಇದ್ವಲ್.
"ಮುಂದೆ ಹೋಗುವಾಗ ನಂಬು.
ಏರಿನಲ್ಲಿ ನಿಂತರೆ ಕಾಲು ಕೊಡು."
ಲೆಕ್ಕ ಚುಕ್ತಾ ಮಾಡಿದ, ಚಿಲ್ಲರೆ ಬಿಟ್ಟು ಹೋದ.

ಡಬ್ಬಿ ಇನ್ನೂ ಕಪಾಟಿನಲ್ಲಿದೆ.
ಪುರಸಭೆಯವರು ಬರುವುದು ಗುರುವಾರ.